ಗಣಿ ನಿಂತಿತು, ಕಂತು ನಿಲ್ಲಲಿಲ್ಲ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಹೊಸಪೇಟೆಯಲ್ಲಿ ನನ್ನ ತಮ್ಮ ಮಾಡಿದ್ದ ಮನೆ ಸಾಲಕ್ಕೆ ಒಂದೂವರೆ ವರ್ಷವೂ ತುಂಬಿರಲಿಲ್ಲ. ಸಾಲಪತ್ರದಲ್ಲಿ ಅವನ ಸಹಿಯ ಕೆಳಗೆ ನನ್ನ ಸಹಿಯೂ ಇತ್ತು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಕೋರ್ಟಿನ ಆ ದಿನದ ಆದೇಶ ಬಳ್ಳಾರಿ ಜಿಲ್ಲೆಗೆ ಸೀಮಿತ, ಪೆಟ್ಟು ಮಾತ್ರ ನಮ್ಮೂರಿನವರೆಗೂ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹುಡುಗರು ಡ್ರೈವರ್, ಕ್ಲೀನರ್, ಮೆಕ್ಯಾನಿಕ್, ಸೂಪರ್‌ವೈಸರ್ ಅಂತ ಅದಿರಿನ ಹಿಂದೆ ಹೋಗಿದ್ದರು. ತಮ್ಮನೂ ಅದಿರು ಸಾಗಿಸುವ ಒಂದು ಕಂಪನಿಯಲ್ಲಿ ವೇ ಬ್ರಿಜ್ ನೋಡಿಕೊಳ್ಳುತ್ತಿದ್ದ.

ಮನೆಯ ಬೆಲೆ 22 ಲಕ್ಷ. ಊರಿನ ಎರಡೆಕರೆ ಖುಷ್ಕಿ ಜಮೀನು ಮಾರಿದ್ದು, ತಮ್ಮನ ಹೆಂಡತಿಯ ಬಂಗಾರ, ಎಲ್ಲ ಸೇರಿಸಿ ಕೈಯಿಂದ ಹಾಕಿದ್ದು 7 ಲಕ್ಷ. ಉಳಿದ 15 ಲಕ್ಷ ಸಾಲ, 20 ವರ್ಷಕ್ಕೆ. ಕೆಳಗೆ ತಾವಿರುವುದು, ಮೇಲಿನ ಮನೆ ಬಾಡಿಗೆಗೆ ಕೊಡುವುದು ಅಂತ ಲೆಕ್ಕ. ಸಂಬಳ ಬರುತ್ತಿತ್ತು, ಬಾಡಿಗೆಗೆ ಜನ ಸಾಲುಗಟ್ಟಿದ್ದರು, ಸೈಟಿನ ದರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಇದೆ ಎಂಬ ಧೈರ್ಯ.

ಆದರೆ ಈ ಮೂರೂ ಒಂದೇ ಗಣಿಯಿಂದ ಬರುತ್ತಿದ್ದವು. ಸಂಬಳ ಕೊಡುವವನು ಅದಿರಿನವನು, ಬಾಡಿಗೆಗಿದ್ದವರು ಲಾರಿ ಆಫೀಸಿನವರು, ಸೈಟು ಕೊಳ್ಳಲು ಬರುತ್ತಿದ್ದವರ ಕೈಯಲ್ಲಿದ್ದದ್ದೂ ಅದಿರಿನ ದುಡ್ಡೇ. ಹಿಂದಿನ ವರ್ಷ, 2010ರ ಜುಲೈನಲ್ಲಿ, ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿದಾಗಲೇ ಹೆದ್ದಾರಿಯಲ್ಲಿ ಲಾರಿ ಕಡಿಮೆಯಾಗಿದ್ದವು. ಮರುವರ್ಷದ ಆದೇಶದ ನಂತರ ತಮ್ಮನಿಗೆ ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಮೇಲಿನ ಮನೆಯವರು ಖಾಲಿ ಮಾಡಿ ತಮ್ಮೂರಿಗೆ ಹೋದರು. ಆ ಬೀದಿಯ ಗೇಟುಗಳಿಗೆಲ್ಲ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಬಿತ್ತು.

ಆರ್ಥಿಕತೆ ಕುಸಿದರೆ ಬಡ್ಡಿ ಇಳಿಯುತ್ತದೆ, ಸಾಲಗಾರನಿಗೆ ಅಷ್ಟಾದರೂ ಆಸರೆ ಸಿಗುತ್ತದೆ ಎಂದು ಓದಿದವರು ಹೇಳುತ್ತಾರೆ. ದೇಶದ ಮಟ್ಟಿಗೆ ಅದು ನಿಜ. ಆದರೆ ರಿಸರ್ವ್ ಬ್ಯಾಂಕ್ ನೋಡುವುದು ಇಡೀ ದೇಶದ ಹಣದುಬ್ಬರವನ್ನು. ಹೊಸಪೇಟೆ, ಕೂಡ್ಲಿಗಿಯಲ್ಲಿ ಕೆಲಸ ಹೋಗಿದೆ ಎಂದು ಅದು ದರ ಇಳಿಸುವುದಿಲ್ಲ. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ ಅದು ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು 13 ಸಲ ಏರಿಸಿತು, 4.75 ಇದ್ದದ್ದು 8.5ಕ್ಕೆ ಹೋಯಿತು. ನಮ್ಮ ಭಾಗದ ದುಡಿಮೆ ನೆಲಕಚ್ಚಿದ್ದೂ ದೇಶದ ಬಡ್ಡಿ ನೆತ್ತಿಗೇರಿದ್ದೂ ಒಂದೇ ಕಾಲಕ್ಕೆ.

ಇದರ ಲೆಕ್ಕವನ್ನು ಪೆನ್ನು ಹಿಡಿದು ನೀವೇ ಮಾಡಿ ನೋಡಿ. 15 ಲಕ್ಷಕ್ಕೆ ಶೇ 8.5ರಂತೆ 20 ವರ್ಷಕ್ಕೆ ಕಂತು 13,017 ರೂಪಾಯಿ. ಒಂದೂವರೆ ವರ್ಷ ತಪ್ಪದೆ ಕಟ್ಟಿದರೆ ಅಸಲಿನ ಬಾಕಿ ಸುಮಾರು 14.5 ಲಕ್ಷ. ಅಂದರೆ 18 ಕಂತುಗಳಲ್ಲಿ ಕಟ್ಟಿದ್ದು 2.34 ಲಕ್ಷ, ಕರಗಿದ್ದು 50 ಸಾವಿರದೊಳಗೆ. ಅಷ್ಟರಲ್ಲಿ ನಮ್ಮ ಬಡ್ಡಿ ಶೇ 11 ಆಗಿತ್ತು. 14.5 ಲಕ್ಷಕ್ಕೆ ಶೇ 11ರಂತೆ ಒಂದು ವರ್ಷದ ಬಡ್ಡಿ 1,59,500. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 13,292. ಕಂತು 13,017. ಕಂತು ಪೂರ್ತಿ ಕಟ್ಟಿದರೂ ಬಡ್ಡಿಗೇ 275 ರೂಪಾಯಿ ಸಾಲದು, ಆ ಕೊರತೆ ಅಸಲಿಗೆ ಸೇರುತ್ತದೆ. ಪಾಸ್‌ಶೀಟಿನ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ತಮ್ಮ ಕೇಳಿದ್ದು ಇದನ್ನೇ: “ಅಣ್ಣ, ಕಂತು ಕಟ್ಟಾಕ ಹತ್ತೀವಿ, ಬಾಕಿ ಯಾಕ ಏರಾಕ ಹತ್ತೈತಿ?”

ಅವಧಿಯೊಳಗೆ ಸಾಲ ತೀರಬೇಕಿದ್ದರೆ ಕಂತು 15,300ರ ಹತ್ತಿರ ಆಗಬೇಕಿತ್ತು. ಹಾಗೇ ಮಾಡಿಸಿದೆವು, ನನ್ನ ಸಂಬಳದಿಂದ ಕಟ್ಟಿದೆವು.

ಮಾರಿಬಿಡಬಹುದಿತ್ತಲ್ಲ ಎನ್ನುವಿರಿ. ನಮ್ಮ ಕಡೆ ಮನೆಯ ದರ ಬಿತ್ತು ಎಂದು ಯಾರ ಬಾಯಲ್ಲೂ ಕೇಳುವುದಿಲ್ಲ. ಮಾಲೀಕ ಹಳೇ ರೇಟೇ ಹೇಳುತ್ತಿರುತ್ತಾನೆ, ದಲ್ಲಾಳಿಯೂ ಅದನ್ನೇ ಹೇಳುತ್ತಾನೆ, ಗಿರಾಕಿ ಮಾತ್ರ ಬರುವುದಿಲ್ಲ. 2012ರಲ್ಲಿ ಕೈಯಲ್ಲಿ ದುಡ್ಡಿದ್ದ ಒಬ್ಬರು 15 ಲಕ್ಷಕ್ಕೆ ಕೇಳಿದರು. 22 ಕೊಟ್ಟು ಕೊಂಡಿದ್ದನ್ನು 15ಕ್ಕೆ ಕೊಡುವುದಾ ಎಂದು ಮನೆಯವರೆಲ್ಲ ಕೂತು ಬೇಡ ಎಂದೆವು. 2013ರ ಏಪ್ರಿಲ್ 18ರಂದು ಕೋರ್ಟ್, ಅಕ್ರಮದ ಪ್ರಮಾಣ ನೋಡಿ ವಿಂಗಡಿಸಿದ್ದ ಗಣಿಗಳಲ್ಲಿ ಎ ಮತ್ತು ಬಿ ವರ್ಗದವಕ್ಕೆ ಷರತ್ತಿನ ಮೇಲೆ ಅನುಮತಿ ಕೊಟ್ಟಿತು, ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಪೇಟೆ ನಿಧಾನಕ್ಕೆ ಉಸಿರಾಡಿತು, 2014ರಲ್ಲಿ ಮನೆ 18 ಲಕ್ಷಕ್ಕೆ ಹೋಯಿತು. ಮೂರು ಲಕ್ಷ ಹೆಚ್ಚು ಬಂತು ಎಂದು ಮನೆಯಲ್ಲಿ ಸಮಾಧಾನಪಟ್ಟರು. ಕಾದ ಎರಡು ವರ್ಷದಲ್ಲಿ ಕಟ್ಟಿದ ಕಂತು 3,67,200. ಅದರಲ್ಲಿ ಅಸಲಿಗೆ ಹೋದದ್ದು ಐವತ್ತು ಸಾವಿರ ಚಿಲ್ಲರೆ, ಉಳಿದದ್ದೆಲ್ಲ ಬಡ್ಡಿ. ಹೆಚ್ಚಿಗೆ ಬಂದ ಮೂರು ಲಕ್ಷವನ್ನು ಆ ಬಡ್ಡಿಯೇ ನುಂಗಿತ್ತು.

ಇನ್ನು ಆ ಸಾಲದ ತರಹದ ಬಗ್ಗೆ. ಮೊದಮೊದಲು ಕಡಿಮೆ ಬಡ್ಡಿ, ಆಮೇಲೆ ಫ್ಲೋಟಿಂಗ್, ಅಂದರೆ ಏರಿಳಿಯುವ ದರ. 2009ರ ಜಾಗತಿಕ ಹಿಂಜರಿತದ ಕಾಲದಲ್ಲಿ ಈ ಟೀಸರ್ ಸಾಲಗಳು ಊರೂರಿಗೆ ಬಂದವು. ಸಾಲ ಅಗ್ಗವಾದದ್ದೇ ಆರ್ಥಿಕತೆ ಸೊರಗಿದ್ದರಿಂದ. ಆ ಕಾರಣ ಎರಡು ವರ್ಷ ಇರುತ್ತದೆ, ಸಾಲ ಇಪ್ಪತ್ತು ವರ್ಷ ಇರುತ್ತದೆ. 2010ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಇಂಥ ಸಾಲಗಳಿಗೆ ಬ್ಯಾಂಕುಗಳು ತೆಗೆದಿಡಬೇಕಾದ ಹಣವನ್ನು ಶೇ 0.40ರಿಂದ ಶೇ 2ಕ್ಕೆ ಏರಿಸಿತು. ಬ್ಯಾಂಕಿಗೆ ಅಪಾಯವಿದೆ ಎಂದು ಬ್ಯಾಂಕನ್ನು ಎಚ್ಚರಿಸಿದ್ದಾಯಿತು. ಸಹಿ ಹಾಕಿದವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಮೊದಲ ವರ್ಷದ ದರವನ್ನು ದಪ್ಪ ಅಕ್ಷರದಲ್ಲಿ ಬರೆದ ಯಾವ ಸಾಲದ ಕಾಗದವನ್ನೂ ನನ್ನ ಮುಂದೆ ತರಬೇಡಿ.

ಈಗ ಮತ್ತೆ ಕೇಳುವವರು ಬರುತ್ತಿದ್ದಾರೆ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.50ರಿಂದ 5.25ಕ್ಕೆ ಇಳಿಯಿತು, ತೆಗೆದುಕೊಳ್ಳೋಣವೇ ಎಂದು. ದರಕ್ಕಿಂತ ಮೊದಲು ನಿಮ್ಮ ಮನೆಗೆ ಬರುವ ದುಡ್ಡು ಎಲ್ಲಿ ಹುಟ್ಟುತ್ತದೆ ಎಂದು ಬುಡದವರೆಗೆ ಹೋಗಿ ನೋಡಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಅದೇ ಕಂಪನಿಗಳ ಪಕ್ಕ ಫ್ಲ್ಯಾಟು, ಅದೇ ಕಂಪನಿಗಳ ಹುಡುಗರು ಬಾಡಿಗೆಗೆ ಎಂದರೆ ನಮ್ಮ ಹೊಸಪೇಟೆಯ ಲೆಕ್ಕವೇ ಆಯಿತು. ಗೃಹಪ್ರವೇಶಕ್ಕೆ ಎರಡು ಲಕ್ಷ ಸುರಿಯುವವರು ಆರು ಕಂತಿನ ದುಡ್ಡು ಬೇರೆ ಎತ್ತಿಡಿ ಎಂದರೆ ಇಲ್ಲ ಎನ್ನುತ್ತಾರೆ. ಶಾಮಿಯಾನದ ದುಡ್ಡನ್ನೇ ಎತ್ತಿಡಿ. ಚೀಟಿಯಲ್ಲಿ ಹಾಕಬೇಡಿ, ಕೆಲಸ ಹೋದ ತಿಂಗಳೇ ಚೀಟಿ ನಡೆಸುವವನಿಗೂ ಕಷ್ಟ ಬಂದಿರುತ್ತದೆ. ಕೈಯಿಂದ ಹಾಕುವ ಪಾಲಿಗೆ ಬಂಗಾರ ಅಡವಿಡಬೇಕಾದರೆ ಆ ಮನೆ ಸದ್ಯಕ್ಕೆ ನಿಮ್ಮದಲ್ಲ.

ಈಗಾಗಲೇ ಸಾಲ ಇರುವವರು ಒಂದು ಕೆಲಸ ಮಾಡಿ. ದರ ಇಳಿದಾಗ ಕಂತು ಇಳಿಸಬೇಡಿ, ಅವಧಿ ಕಡಿಮೆ ಮಾಡಿಸಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆಯ ಪ್ರಕಾರ, ದರ ಪರಿಷ್ಕರಣೆಯಾದಾಗ ಕಂತು ಏರಿಸುವುದೋ ಅವಧಿ ಹಿಗ್ಗಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು. ಅವಧಿ ಹಿಗ್ಗಿಸಿದ್ದರಿಂದ ಬಡ್ಡಿಯೂ ತೀರದೆ ಅಸಲು ಬೆಳೆಯುವಂತೆ ಆಗಬಾರದು. ಕಟ್ಟಿದ ಅಸಲೆಷ್ಟು, ಬಡ್ಡಿಯೆಷ್ಟು, ಇನ್ನೆಷ್ಟು ಕಂತು ಉಳಿದಿವೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ನಿಮ್ಮ ಶಾಖೆಗೆ ಹೋಗಿ ಆ ಪಟ್ಟಿ ಕೇಳಿ, ಉಳಿದ ಕಂತಿನ ಸಂಖ್ಯೆಯನ್ನು ಹಿಂದಿನ ಪಟ್ಟಿಯ ಜೊತೆ ಇಟ್ಟು ನೋಡಿ. ಕನಿಷ್ಠ ಮೂರು ಕಡಿಮೆಯಾಗಿರಬೇಕು. ಆಗಿಲ್ಲದಿದ್ದರೆ ಯಾಕೆ ಎಂದು ಬರಹದಲ್ಲಿ ಕೇಳಿ.