ಇ-ಸಹಿಗೆ ಕಾನೂನಿನ ಬಲ ಎಷ್ಟು?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆದಾರರು ಸಹಿಯ ಫೋಟೊವನ್ನು ಕರಾರುಪತ್ರದ ಪಿಡಿಎಫ್‌ಗೆ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಇದು ನಡೆಯುತ್ತದೆಯೇ?
– ಓದುಗರು, ಹಾಸನ

ಉತ್ತರ: ಅಂಟಿಸಿದ ಚಿತ್ರವು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಎಲೆಕ್ಟ್ರಾನಿಕ್ ಸಹಿಯಲ್ಲ. ಹಾಗೆಂದು ಕರಾರು ಬಿದ್ದುಹೋಗುವುದಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗದು ಎಂದು ಆ ಕಾಯ್ದೆಯ ಕಲಂ 10ಎ ಹೇಳುತ್ತದೆ. ಆದರೆ ನಾಳೆ ಅವರು ‘ಅದು ನನ್ನ ಸಹಿಯೇ ಅಲ್ಲ’ ಎಂದರೆ, ಸಾಬೀತು ಮಾಡುವ ಹೊಣೆ ನಿಮ್ಮದಾಗುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಬಾಡಿಗೆ ಜಮೆಯಾದ ದಾಖಲೆಯನ್ನೂ ಅಳಿಸಬೇಡಿ.

ಮುಂದಿನ ಬಾರಿ ಆಧಾರ್ ಇ-ಸೈನ್ ಮಾಡಿಸಿ. ಮೊಬೈಲ್‌ಗೆ ಬಂದ ಒಟಿಪಿ ಹಾಕಿದರೆ ಸಹಿ ಮಾಡುವವರ ಹೆಸರಿನಲ್ಲಿ ಪ್ರಮಾಣಪತ್ರ ಸೃಷ್ಟಿಯಾಗಿ ಸಹಿ ಬೀಳುತ್ತದೆ. ಆಮೇಲೆ ಬಾಡಿಗೆ ಮೊತ್ತದ ಒಂದು ಅಂಕಿ ತಿದ್ದಿದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಇ-ಸಹಿ ಇದ್ದರೂ ಮುದ್ರಾಂಕ ಶುಲ್ಕ ಕಟ್ಟಲೇಬೇಕು.

ಪ್ರಶ್ನೆ: ದುಬೈನಲ್ಲಿರುವ ಮಗ, ‘ಅಪ್ಪ, ಉಯಿಲಿಗೂ ಒಟಿಪಿ ಮೂಲಕ ಸಹಿ ಮಾಡಿಬಿಡಿ’ ಎನ್ನುತ್ತಾನೆ. ಮಾಡಲೇ?
– ಹಿರಿಯ ನಾಗರಿಕರು, ಶಿರಸಿ

ಉತ್ತರ: ದಯವಿಟ್ಟು ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿ ಉಯಿಲನ್ನೂ ಟ್ರಸ್ಟ್ ಪತ್ರವನ್ನೂ ಹೊರಗಿಟ್ಟಿದೆ. ಬಿಳಿ ಹಾಳೆಯಲ್ಲೇ ಬರೆಯಿರಿ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರೂ ನಿಮ್ಮ ಮುಂದೆಯೇ ಸಹಿ ಮಾಡಲಿ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಸ್ಥಿರಾಸ್ತಿ ಮಾರಾಟದ ಕರಾರು ಕೂಡ ಮೊದಲು ಇದೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ಆದರೂ ನೋಂದಣಿ ಕಾಯ್ದೆಯ ನಿಯಮಗಳು ಹಾಗೆಯೇ ಇವೆ. ಕ್ರಯಪತ್ರ ನೋಂದಣಿಯಾಗದೆ ಆಸ್ತಿ ಕೈಬದಲಾಗುವುದಿಲ್ಲ.

ಪ್ರಶ್ನೆ: ನಾನು ಗುತ್ತಿಗೆದಾರ. ಟೆಂಡರ್ ಹಾಕುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಸೈಬರ್ ಸೆಂಟರ್‌ನವರ ಹತ್ತಿರವೇ ಇದೆ. ಪಾಸ್‌ವರ್ಡ್ ಕೂಡ ಅವರಿಗೆ ಗೊತ್ತು. ತೊಂದರೆಯಿದೆಯೇ?
– ಓದುಗರು, ಕಲಬುರಗಿ

ಉತ್ತರ: ದೊಡ್ಡ ತೊಂದರೆಯಿದೆ. ಪೆನ್‌ಡ್ರೈವ್‌ನಂತೆ ಕಾಣುವ ಆ ಟೋಕನ್ನಿನಲ್ಲಿರುವುದು ನಿಮ್ಮ ಹಸ್ತಾಕ್ಷರವೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 42ರ ಪ್ರಕಾರ ಅದನ್ನು ಜೋಪಾನ ಮಾಡುವುದು ನಿಮ್ಮ ಕರ್ತವ್ಯ. ಅದು ಬೇರೆಯವರ ಪಾಲಾಗಿದೆ ಎಂದು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವವರೆಗೂ ಹೊಣೆ ನಿಮ್ಮದೇ. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದವರಿಗೆ ಕಲಂ 66ಸಿ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ, ನಿಜ. ಆದರೆ ಶಿಕ್ಷೆಯಾಗುವ ಹೊತ್ತಿಗೆ ನಿಮ್ಮ ಠೇವಣಿ, ನಿಮ್ಮ ಹೆಸರು ಎರಡೂ ಹೋಗಿರುತ್ತವೆ.

ಖಾಲಿ ಹಾಳೆಗೆ ಸಹಿ ಹಾಕಿ ಯಾರ ಕೈಗೂ ಕೊಡದ ನೀವು ಟೋಕನ್ನನ್ನೂ ಕೊಡಬೇಡಿ. ಇವತ್ತೇ ಹೋಗಿ ವಾಪಸ್ ತನ್ನಿ, ಪಾಸ್‌ವರ್ಡ್ ಬದಲಿಸಿ. ಟೆಂಡರ್ ಹಾಕುವಾಗ ಪಕ್ಕದಲ್ಲೇ ಕುಳಿತು, ಓದಿ, ನೀವೇ ಸಹಿ ಮಾಡಿ.