ತೋಳು ಆಡಿಸುವ ಈರಮ್ಮಜ್ಜಿ

ದರೋಜಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕರಡಿಧಾಮ. ಆ ಊರಿನ ಹೆಸರನ್ನು ನಾಡಿನಲ್ಲೆಲ್ಲ ಹಬ್ಬಿಸಿದ ಇನ್ನೊಬ್ಬರು ಬುರ್ರಕಥಾ ಈರಮ್ಮ. ಓದು ಬರಹ ಬಾರದಿದ್ದರೂ ಕುಮಾರರಾಮನ ಕಥೆ ಸೇರಿ 12 ಜನಪದ ಕಾವ್ಯಗಳು ಅವರಿಗೆ ಬಾಯಿಪಾಠವಾಗಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಅವರು ಹಾಡಿದ್ದು ಬರಹಕ್ಕೆ ಇಳಿದಿದೆ. ಆದರೆ ಹಾಡುವಾಗ ಅವರ ತೋಳು ಹೇಗೆ ಏಳುತ್ತಿತ್ತು, ಕತ್ತು ಯಾವ ಕಡೆ ವಾಲುತ್ತಿತ್ತು? ಅದು ನೋಡಿದವರ ಕಣ್ಣಲ್ಲಿದೆ. ಅದನ್ನು ಒಂದು ರಟ್ಟಿನ ಗೊಂಬೆಯಲ್ಲಿ ಹಿಡಿಯಲು ಪ್ರಯತ್ನಿಸೋಣ.

ನಿಜವಾಗಿ ಬದುಕಿದ್ದವರ ಗೊಂಬೆ ಮಾಡುವುದು ನಮ್ಮ ಕಡೆಗೆ ಹೊಸತಲ್ಲ. ತೊಗಲುಗೊಂಬೆ ಕಲಾವಿದರಾಗಿದ್ದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಗೊಂಬೆಗಳ ಜೊತೆಗೆ ಗಾಂಧೀಜಿಯವರ ಕಥೆಯನ್ನೂ ಗೊಂಬೆಗಳಿಂದ ಆಡಿಸಿದರು. ಪರದೆಯ ಮೇಲೆ ರಾಮನನ್ನು ಕಿರೀಟ, ಬಿಲ್ಲುಗಳಿಂದ ಗುರುತಿಸಬಹುದು. ಗಾಂಧೀಜಿಗೆ ಕಿರೀಟವಿಲ್ಲ. ಬೋಳು ತಲೆ, ಕನ್ನಡಕ, ಕೋಲು ಮತ್ತು ನಡಿಗೆಯಿಂದಲೇ ನಾವು ಅವರನ್ನು ಗುರುತು ಹಿಡಿಯಬೇಕು. ಹಾಗಾಗಿ ಕಣ್ಣು ಮೂಗು ಬಿಡಿಸುವುದರಲ್ಲೇ ಇಡೀ ಪೀರಿಯಡ್ ಕಳೆಯಬೇಡಿ.

ಮೊದಲು ಈರಮ್ಮನವರ ಒಂದು ಫೋಟೋ ಹುಡುಕಿ. ಫೋಟೋ ಅವರ ಎತ್ತರವನ್ನು ಹೇಳುವುದಿಲ್ಲ, ಅನುಪಾತವನ್ನು ಹೇಳುತ್ತದೆ. ಅದರಲ್ಲಿ ತಲೆ 2 ಸೆಂ.ಮೀ., ಭುಜದಿಂದ ಮೊಣಕೈವರೆಗೆ 3 ಸೆಂ.ಮೀ. ಇದೆ ಎಂದುಕೊಳ್ಳಿ. ಗೊಂಬೆಯ ತಲೆಯನ್ನು 4 ಸೆಂ.ಮೀ. ಮಾಡಿದರೆ ತೋಳು 6 ಸೆಂ.ಮೀ. ಆಗಬೇಕು. ಕ್ಯಾಮೆರಾದ ಕಡೆಗೆ ಚಾಚಿದ ಕೈ ಗಿಡ್ಡವಾಗಿ ಕಾಣುತ್ತದೆ, ಅದನ್ನು ಅಳೆಯಬೇಡಿ. ಬದಲಿಗೆ ಮನೆಯಲ್ಲಿ ಅಮ್ಮನ ಅಥವಾ ಅಜ್ಜಿಯ ತಲೆ, ತೋಳುಗಳನ್ನು ಅಳೆದು ಅದೇ ಅನುಪಾತ ಬಳಸಿ. ನಿಮ್ಮ ಗೆಳೆಯರನ್ನು ಅಳೆದರೆ ಆಗದು. ಹುಟ್ಟಿದ ಮಗುವಿನ ಉದ್ದ ಅದರ ತಲೆಯ ಸುಮಾರು 4 ಪಟ್ಟು ಇರುತ್ತದೆ. ದೊಡ್ಡವರಲ್ಲಿ ಇದು 7ರಿಂದ ಏಳೂವರೆ ಪಟ್ಟು. ನೀವು ಇವೆರಡರ ನಡುವೆ ಇದ್ದೀರಿ. ನಿಮ್ಮ ಅಳತೆ ಹಿಡಿದರೆ ಸೀರೆ ಉಟ್ಟ ಮಗುವಿನ ಗೊಂಬೆಯಾದೀತು!

ಹಳೆಯ ನೋಟ್‌ಬುಕ್ಕಿನ ರಟ್ಟು, ದಪ್ಪ ದಾರ, ದಬ್ಬಣ, ಗೋಂದು, ಎರಡು ಬಿದಿರು ಕಡ್ಡಿ ಇದ್ದರೆ ಸಾಕು. ತಲೆಯಿಂದ ಸೀರೆಯ ಅಂಚಿನವರೆಗೆ ಒಂದೇ ತುಂಡಾಗಿ ಕತ್ತರಿಸಿ. ಸೀರೆ ಕಾಲನ್ನು ಮುಚ್ಚುವುದರಿಂದ ಅಲ್ಲಿ ಕೀಲು ಬೇಡ. ತೋಳು, ಮುಂಗೈ ಬೇರೆ ತುಂಡುಗಳು. ಒಂದರ ಮೇಲೊಂದು ಕೂರಲು ಪ್ರತಿ ತುದಿಯಲ್ಲೂ 1 ಸೆಂ.ಮೀ. ಹೆಚ್ಚು ಬಿಡಿ. ದಬ್ಬಣದಿಂದ ತೂತು ಮಾಡುವಾಗ ದೊಡ್ಡವರು ಜೊತೆಗಿರಲಿ. ತೂತಿನಲ್ಲಿ ದಾರ ಪೋಣಿಸಿ ಎರಡೂ ಬದಿಗೆ ಗಂಟು ಹಾಕಿ. ಗಂಟು ಬಿಗಿಯಾದರೆ ತೋಳು ಏಳದು, ಸಡಿಲವಾದರೆ ಜೋತು ಬೀಳುತ್ತದೆ. ಒಂದು ಕಡ್ಡಿಯನ್ನು ಬೆನ್ನಿಗೆ ಅಂಟಿಸಿ, ಇನ್ನೊಂದನ್ನು ಮಣಿಕಟ್ಟಿಗೆ ಕಟ್ಟಿ. ಮಣಿಕಟ್ಟನ್ನು ಮೇಲಕ್ಕೆ ತಳ್ಳಿದರೆ ಮೊಣಕೈ ತಾನಾಗಿಯೇ ಮಡಚುತ್ತದೆ.

ಆದರೆ ಒಂದು ತೊಂದರೆ ಗಮನಿಸಿದಿರಾ? ಗೊಂಬೆಯ ಮೊಣಕೈ ಹಿಂದಕ್ಕೂ ಮಡಚುತ್ತದೆ! ನಿಮ್ಮ ಕೈಯನ್ನು ನೆಟ್ಟಗೆ ಚಾಚಿ, ಇನ್ನೂ ಹಿಂದಕ್ಕೆ ಬಗ್ಗಿಸಲು ನೋಡಿ. ಆಗುವುದಿಲ್ಲ. ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ಒಂದರ ತುದಿ ಕೊಕ್ಕೆಯಂತೆ ಬಾಗಿದೆ. ಮೊಣಕೈ ಹಿಂದೆ ಮುಟ್ಟಿದರೆ ಗಟ್ಟಿಯಾಗಿ ಸಿಗುವ ಗುಬ್ಬು ಅದೇ. ಕೈ ನೆಟ್ಟಗಾದಾಗ ಅದು ತೋಳಿನ ಮೂಳೆಯ ಕೆಳತುದಿಯ ಗುಳಿಯಲ್ಲಿ ಕೂತು ತಡೆಯುತ್ತದೆ. ಬಾಗಿಲು ಗೋಡೆಗೆ ಬಡಿಯದಂತೆ ತಡೆಗುಟ್ಟಿ ಇಡುತ್ತೇವಲ್ಲ, ಹಾಗೆ. ನಮ್ಮ ಗೊಂಬೆಗೂ ಅಂಥದೊಂದು ತಡೆ ಬೇಕು. ಹುರುಳಿಕಾಳಿನಷ್ಟು ರಟ್ಟಿನ ಚೂರನ್ನು ತೋಳಿನ ಮೇಲೆ, ಕೀಲಿನ ಹತ್ತಿರ ಅಂಟಿಸಿ. ಕೈ ನೆಟ್ಟಗಾದೊಡನೆ ಮುಂಗೈ ಅದಕ್ಕೆ ತಾಗಿ ನಿಲ್ಲಬೇಕು. ಸರಿಯಾದ ಜಾಗ ಸಿಗಲು ಮೂರ್ನಾಲ್ಕು ಸಲ ಕಿತ್ತು ಅಂಟಿಸಬೇಕಾದೀತು.

ತಂಬೂರಿಯೋ ದಿಮ್ಮಿಯೋ, ಯಾವ ವಾದ್ಯವನ್ನು ಯಾವ ಕೈಯಲ್ಲಿ ಇಡಬೇಕೆಂದು ನೀವೇ ಊಹಿಸಬೇಡಿ. ಫೋಟೋ ನೋಡಿ. ದರೋಜಿ, ಸಂಡೂರು, ಕಂಪ್ಲಿ ಸುತ್ತಿನ ಮಕ್ಕಳಿಗೆ ಇನ್ನೂ ಒಳ್ಳೆಯ ದಾರಿಯಿದೆ: ಈರಮ್ಮನವರ ಹಾಡು ಕೇಳಿದ ಹಿರಿಯರು ಊರಲ್ಲಿದ್ದರೆ ಗೊಂಬೆಯ ಕಡ್ಡಿಯನ್ನು ಅವರ ಕೈಗೆ ಕೊಡಿ. ಅವರು "ಹಿಂಗಲ್ಲವ್ವ, ಹಿಂಗ" ಎಂದು ತೋಳನ್ನು ಬೇರೆ ಕಡೆ ಎಳೆದರೆ, ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ದಾರ ಬಿಚ್ಚಿ, ಹೊಸ ತೂತು ಮಾಡಿ ಮತ್ತೆ ಕಟ್ಟಿ.