ನಿಂತ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ಮೂರು ದಿನ ಮನೆಯ ಮುಂದೆ ಸುಮ್ಮನೆ ನಿಂತಿದ್ದ ನಮ್ಮ ಕಾರು ನಾಲ್ಕನೆಯ ಬೆಳಗ್ಗೆ ಹೊರಡಲಿಲ್ಲ. ಬ್ಯಾಟರಿಗೆ ಮುಪ್ಪು ಬಂದಿತೆಂದು ಭಾವಿಸಿ ಹೊಸದನ್ನು ತಂದು ಕೂರಿಸಿದೆವು. ಮತ್ತೆ ಮೂರು ದಿನ ಕಾರು ನಿಂತಾಗ ಅದಕ್ಕೂ ಅದೇ ಗತಿಯಾಯಿತು. ನಲ್ಲಿ ತೊಟ್ಟಿಕ್ಕುತ್ತಿರುವಾಗ ತೊಟ್ಟಿಯನ್ನು ಬದಲಾಯಿಸಿದಂತಾಗಿತ್ತು ನಮ್ಮ ಕೆಲಸ!

ಕಾರಿನ ಬ್ಯಾಟರಿಯಲ್ಲಿ ಸೀಸದ ಫಲಕಗಳೂ ನೀರು ಬೆರೆಸಿದ ಗಂಧಕಾಮ್ಲವೂ ಇರುವ ಆರು ಕೋಶಗಳುಂಟು. ಪೂರ್ತಿ ಚಾರ್ಜಾದ ಬ್ಯಾಟರಿಯ ವಿದ್ಯುದೊತ್ತಡ ಸುಮಾರು 12.6 ವೋಲ್ಟು. ಕೀಲಿ ತೆಗೆದ ಮೇಲೂ ಗಡಿಯಾರ, ಎಚ್ಚರಿಕೆಯ ಗಂಟೆ ಮೊದಲಾದುವು ಅಲ್ಪ ವಿದ್ಯುತ್ತನ್ನು ಸೇವಿಸುತ್ತಲೇ ಇರುವುವು. ಸಾಮಾನ್ಯವಾಗಿ ಈ ಪ್ರವಾಹ 0.05 ಆಂಪಿಯರನ್ನು ಮೀರದಿದ್ದರೆ ಅದು ದೋಷವಲ್ಲ. ಮೀರಿದರೆ ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು.

ಇಂಥಲ್ಲಿ ಊಹಿಸುವುದಕ್ಕಿಂತ ಅಳೆಯುವುದು ಮೇಲು. ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ತಂತಿಗಳನ್ನು ಕಳಚಿ, ಎರಡು ಮೂರು ದಿನ ಇಟ್ಟು ನೋಡೋಣ. ಆಗಲೂ ಅದು ಬರಿದಾದರೆ ದೋಷ ಬ್ಯಾಟರಿಯೊಳಗೇ ಉಂಟು. ಇಲ್ಲವಾದರೆ ಕಾರಿನ ವಿದ್ಯುನ್ಮಂಡಲವನ್ನು ಪರೀಕ್ಷಿಸಬೇಕು.

ಎಂಜಿನನ್ನು ನಿಲ್ಲಿಸಿ, ಕೀಲಿ ತೆಗೆದು, ಬಾಗಿಲುಗಳನ್ನು ಮುಚ್ಚಬೇಕು. ಬಳಿಕ ಋಣಾಗ್ರದ ತಂತಿಯನ್ನು ಕಳಚಿ, ಆ ತಂತಿಗೂ ಋಣಾಗ್ರಕ್ಕೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ವ್ಯಾಪ್ತಿಯಲ್ಲಿ ಸರಣಿಯಾಗಿ ಜೋಡಿಸಬೇಕು. ಹೀಗಿರಿಸಿದ ಮೀಟರನ್ನು ಬ್ಯಾಟರಿಯ ಎರಡು ಅಗ್ರಗಳಿಗೆ ನೇರವಾಗಿ ತಾಕಿಸಕೂಡದು. ಎಂಜಿನನ್ನು ಚಾಲೂ ಮಾಡಲೂ ಕೂಡದು. ಎರಡರಿಂದಲೂ ಪ್ರಬಲವಾದ ಪ್ರವಾಹ ಹರಿದು ಮೀಟರು ಕೆಟ್ಟೀತು. ಇಂದಿನ ಕಾರುಗಳ ಎಲೆಕ್ಟ್ರಾನಿಕ್ ಭಾಗಗಳು ವಿಶ್ರಾಂತಿಗೆ ಸರಿಯಲು ಅರ್ಧ ಗಂಟೆಯಾದರೂ ಕಾಯುವುದು ಒಳ್ಳೆಯದು.

ನಮ್ಮ ಮೀಟರು 0.46 ಆಂಪಿಯರನ್ನು ತೋರಿಸಿತು. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದೆವು. ಒಂದನ್ನು ಕಿತ್ತೊಡನೆ ಅಂಕಿ 0.04ಕ್ಕೆ ಇಳಿಯಿತು. ಅದು ಡಿಕ್ಕಿಯ ದೀಪದ ಫ್ಯೂಸು! ಮುಚ್ಚಳದ ಸ್ವಿಚ್ಚು ಅಂಟಿಕೊಂಡು, 5 ವಾಟಿನ ದೀಪ ಹಗಲಿರುಳೂ ಕತ್ತಲೆಯೊಳಗೆ ಉರಿಯುತ್ತಿತ್ತು.

ಲೆಕ್ಕ ಹಾಕಿ ನೋಡೋಣ. 0.46 ಆಂಪಿಯರಿನಂತೆ 24 ಗಂಟೆಗೆ ಸುಮಾರು 11 ಆಂಪಿಯರ್-ಗಂಟೆ. ಮೂರು ದಿನಕ್ಕೆ 33. ನಮ್ಮ ಬ್ಯಾಟರಿಯ ಸಾಮರ್ಥ್ಯವೇ 35! ಇನ್ನು ಎಂಜಿನನ್ನು ತಿರುಗಿಸಲು ಶಕ್ತಿ ಉಳಿಯುವುದೆಂತು? ಹೀಗೆ ಬರಿದಾಗಿಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕುಳಿತು, ಒಳ್ಳೆಯ ಬ್ಯಾಟರಿಯೂ ಹಾಳಾಗುವುದು.

ಸ್ವಿಚ್ಚನ್ನು ಸರಿಪಡಿಸಿದೆವು. ಹಳೆಯ ಬ್ಯಾಟರಿಯನ್ನು ಚಾರ್ಜು ಮಾಡಿ ಕೂರಿಸಿದಾಗ ಅದೂ ಚೆನ್ನಾಗಿಯೇ ಕೆಲಸಮಾಡಿತು. ಅಳೆಯದೆ ತೀರ್ಪು ಕೊಟ್ಟುದಕ್ಕೆ ನಾವು ತೆತ್ತ ದಂಡ ಒಂದು ಹೊಸ ಬ್ಯಾಟರಿಯ ಬೆಲೆ.